ಪ್ರಕೃತಿಗೆ ವಿರುದ್ಧವಾದರೆ ಏನಾಯ್ತು?

ಹೋದ ತಿಂಗಳು ನಮ್ಮ ಮನೆಯಲ್ಲಿ ಕೊಬ್ಬರಿ ಕೆಲಸ. ಅಟ್ಟದಿಂದ ಇಳಿಸಿದ ಕಾಯಿ ಸುಲಿದು, ಚಿಪ್ಪು ಒಡೆಯುತ್ತಾ ನಾಲ್ಕೈದು ಜನ ಕೂತಿದ್ದೆವು. ಮಾತು ಪಕ್ಕದೂರಿನ ಹುಡುಗನೊಬ್ಬನ ಕಡೆ ತಿರುಗಿತು. ನನಗೆ ಹೆಣ್ಣು ನೋಡಬೇಡಿ, ನನ್ನ ಮನಸ್ಸಿರುವುದು ಗಂಡಸರ ಮೇಲೆ ಅಂತ ಅವನು ಮನೆಯಲ್ಲಿ ಹೇಳಿಬಿಟ್ಟಿದ್ದಾನೆ. ಮನೆಯವರು ಬೇಗ ಮದುವೆ ಮುಗಿಸಲು ಓಡಾಡುತ್ತಿದ್ದಾರೆ.

"ಪ್ರಕೃತಿಗೆ ವಿರುದ್ಧ ಕಣಪ್ಪ ಅದು" ಅಂದರು ನಮ್ಮ ಮಾವ, ಉಂಡೆ ಕೊಬ್ಬರಿಯೊಂದನ್ನು ಚೀಲಕ್ಕೆ ಹಾಕುತ್ತಾ. ವಸುಧೇಂದ್ರರ 'ಮೋಹನಸ್ವಾಮಿ' ಓದಿ ಮೆಚ್ಚಿದ್ದ ನಾನೂ ಸುಮ್ಮನಿದ್ದೆ.

ಆದರೆ ಆ ಉಂಡೆಯನ್ನೇ ನೋಡಿ. ಬಲಿತ ಕಾಯಿ ನೆಲದಲ್ಲಿ ಬಿದ್ದಿದ್ದರೆ ಮೊಳಕೆ ಬಂದು ಸಸಿಯಾಗುತ್ತೆ. ಅದು ಅದರ ಪ್ರಕೃತಿ. ನಾವು ಬಿಡಲ್ಲ. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಒಡೆಯುತ್ತೇವೆ. ತಿಪಟೂರು ಮಾರುಕಟ್ಟೆ ನಿಂತಿರುವುದೇ ಹೀಗೆ ಮೊಳೆಯಲು ಬಿಡದ ಕಾಯಿಯ ಮೇಲೆ. ಇದನ್ನು ಪಾಪ ಅಂದವರನ್ನು ನಾನು ಕಂಡಿಲ್ಲ. ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಎಲ್ಲವೂ ಪ್ರಕೃತಿಯವೇ. ಹಾಗಂತ ತೋಟವನ್ನು ಅವಕ್ಕೆ ಬಿಟ್ಟುಕೊಡುತ್ತೇವಾ?

ಕಾಯಿಗೂ ಮನುಷ್ಯನಿಗೂ ಹೋಲಿಕೆಯೇ ಅನ್ನಬಹುದು. ಸರಿ, ಹಾಗಾದರೆ ಮನುಷ್ಯನನ್ನು ಅಳೆಯಲು ಮನುಷ್ಯರ ಅಳತೆಯನ್ನೇ ತನ್ನಿ, ಪ್ರಕೃತಿಯನ್ನು ಯಾಕೆ ಕರೆಯುತ್ತೀರಿ?

'ಪ್ರಕೃತಿಯ ಕ್ರಮಕ್ಕೆ ವಿರುದ್ಧ' ಎಂಬ ಮಾತನ್ನು ನಮ್ಮ ಕಾನೂನಿಗೆ ತಂದದ್ದು ಬ್ರಿಟಿಷರು, 1860ರ ದಂಡ ಸಂಹಿತೆಯ 377ನೇ ಕಲಮಿನಲ್ಲಿ. 2009ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿಗೆಯಿಂದ ಕೂಡುವ ವಯಸ್ಕರನ್ನು ಅದರಿಂದ ಬಿಡಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿಕ್ಕಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಬಿಡಿಸಿತು. ಈ ಒಂಬತ್ತು ವರ್ಷದಲ್ಲಿ ಪ್ರಕೃತಿಯೇನೂ ಅತ್ತಿತ್ತ ಹೊರಳಾಡಲಿಲ್ಲ!

ನಮ್ಮ ಕಡೆಯವರದ್ದೂ ಒಂದು ತಪ್ಪಿದೆ. "ಪ್ರಾಣಿಗಳಲ್ಲೂ ಇದೆ, ಹುಟ್ಟಿನಿಂದ ಬರುತ್ತೆ, ಅದಕ್ಕೇ ತಪ್ಪಲ್ಲ" ಅಂತಾರೆ. ಪ್ರಾಣಿಗಳಲ್ಲಿ ಇರುವುದು ನಿಜ. ಆದರೆ ಬೆಕ್ಕು ತನ್ನ ಮರಿಯನ್ನೇ ತಿನ್ನುವುದೂ ಉಂಟು. ನಾಳೆ ಯಾರೋ ವಿಜ್ಞಾನಿ ಇದು ಹುಟ್ಟಿನಿಂದ ಬಂದದ್ದಲ್ಲ ಅಂತ ತೋರಿಸಿದರೆ ಆ ಹುಡುಗ ತಪ್ಪಿತಸ್ಥನಾಗಿಬಿಡುತ್ತಾನಾ? 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ದೀಪಕ್ ಮಿಶ್ರಾ ಇದು ಸಹಜವಾದದ್ದೇ ಅಂದರು. ಅದರಿಂದ ಎಷ್ಟೋ ಜನಕ್ಕೆ ಧೈರ್ಯ ಬಂತು, ಒಪ್ಪುತ್ತೇನೆ. ಆದರೂ ಸಹಜ ಅಸಹಜದ ಗೆರೆ ಎಳೆಯುವವರು ಯಾರು ಎಂದು ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಕೇಳಿದ ಪ್ರಶ್ನೆಯೇ ನನಗೆ ಹೆಚ್ಚು ಗಟ್ಟಿ ಅನಿಸುತ್ತೆ.

ಯಾರಿಗೆ ನೋವಾಯಿತು, ಯಾರಿಗೆ ಮೋಸವಾಯಿತು ಅನ್ನುವುದನ್ನು ಕೇಳಬೇಕು. ಒಪ್ಪಿದ ಇಬ್ಬರು ವಯಸ್ಕರು ಜೊತೆಗಿದ್ದರೆ ಯಾರಿಗೂ ಇಲ್ಲ. ಈ ಮದುವೆ ನಡೆದರೆ? ಏನೂ ಗೊತ್ತಿಲ್ಲದ ಹೆಣ್ಣುಮಗಳೊಬ್ಬಳು ಜೀವನಪೂರ್ತಿ ತನ್ನಲ್ಲೇ ಏನು ಕೊರತೆ ಅಂತ ಹುಡುಕುತ್ತಾ ಕೂರಬೇಕು. ಅಷ್ಟು ಹೊತ್ತು ಮಾತಾಡಿದರೂ ಅವಳ ಸುದ್ದಿ ಯಾರೂ ಎತ್ತಿರಲಿಲ್ಲ.

ಸಂಜೆ ಮಾವನನ್ನು ಕೇಳಿದೆ, "ಆ ಹುಡುಗಿಗೆ ಹೇಳಿದ್ದಾರಾ ಮಾವ?"

ಚೀಲದ ಬಾಯಿ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಗುಬ್ಬಿ ಕಡೆ ಸಂಬಂಧವಂತೆ" ಅಂದರು ಅಷ್ಟೇ.