ಗುಂಗುರು ಕೂದಲಿನ ಮರಿ

ಮನೆಯ ಬೆಕ್ಕು ಮರಿ ಹಾಕಿದರೆ ನೀವು ಮೊದಲು ಏನು ಮಾಡುತ್ತೀರಿ? ಎಷ್ಟು ಮರಿ, ಯಾವ ಬಣ್ಣ ಎಂದು ಇಣುಕಿ ನೋಡುತ್ತೀರಿ. ಮಕ್ಕಳು ಆಗಲೇ ‘ಇದು ನನ್ನದು, ಅದು ನಿನ್ನದು’ ಎಂದು ಪಾಲು ಹಂಚಿಕೊಂಡಿರುತ್ತಾರೆ. ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿದಾಗ, ಇವನ್ನೆಲ್ಲ ಯಾರಿಗೆ ಕೊಡುವುದು ಎಂಬ ಚಿಂತೆ ಮಾತ್ರ ತಾಯಂದಿರ ಪಾಲಿಗೆ ಉಳಿಯುತ್ತದೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಬಾಡ್ಮಿನ್ ಮೂರ್ ಎಂಬ ಬಯಲು ಪ್ರದೇಶವಿದೆ. 1950ರ ಜುಲೈ 21ರಂದು ಅಲ್ಲಿಯ ಒಂದು ಮನೆಯಲ್ಲಿ ಸೆರೀನಾ ಎಂಬ ಬೆಕ್ಕು ಐದು ಮರಿ ಹಾಕಿತು. ನಾಲ್ಕು ಮರಿಗಳ ಕೂದಲು ಎಲ್ಲ ಬೆಕ್ಕುಗಳಂತೆಯೇ ಇತ್ತು. ಒಂದು ಗಂಡು ಮರಿಯದು ಮಾತ್ರ ಗುಂಗುರು, ಮೀಸೆಯೂ ಸುರುಳಿ! ಮನೆಯೊಡತಿ ನೀನಾ ಎನ್ನಿಸ್‌ಮೋರ್ ಮೊದಲು ರೆಕ್ಸ್ ಜಾತಿಯ ಮೊಲಗಳನ್ನು ಸಾಕಿದ್ದವರು. ಇದು ಕಾಯಿಲೆಯಲ್ಲ, ಹುಟ್ಟುಗುಣ ಎಂದು ಅವರಿಗೆ ಹೊಳೆಯಿತು. ಮರಿಗೆ ಕಾಲಿಬಂಕರ್ ಎಂದು ಹೆಸರಿಟ್ಟರು. ಮುಂದೆ ಈ ತಳಿಗೆ ‘ಕಾರ್ನಿಷ್ ರೆಕ್ಸ್’ ಎಂಬ ಹೆಸರೇ ನಿಂತಿತು.

ಒಂದೇ ಒಂದು ಮರಿಯಿಂದ ತಳಿ ಬೆಳೆಸುವುದು ಹೇಗೆ? ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಈ ಗುಂಗುರು ಗುಣ ಅಡಗಿರುವ ಗುಣ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪಾಲು ಬಂದರೆ ಮಾತ್ರ ಅದು ಮೈಮೇಲೆ ಕಾಣಿಸುತ್ತದೆ. ಒಂದೇ ಪಾಲಿದ್ದರೆ ಕೂದಲು ನೇರವಾಗಿಯೇ ಇರುತ್ತದೆ, ಗುಣ ಮಾತ್ರ ಒಳಗೆ ಉಳಿಯುತ್ತದೆ. ಹಾಗಾಗಿ ಕಾಲಿಬಂಕರನನ್ನು ಬೇರೆ ಬೆಕ್ಕಿನೊಂದಿಗೆ ಕೂಡಿಸಿದರೆ ಮರಿಗಳೆಲ್ಲ ನೇರ ಕೂದಲಿನವೇ ಆಗುತ್ತಿದ್ದವು. ಸೆರೀನಾಳಲ್ಲಿ ಆ ಗುಣ ಅಡಗಿರುವುದು ಖಚಿತವಾಗಿತ್ತು. ಆದ್ದರಿಂದ ತಾಯಿಯೊಂದಿಗೇ ಕೂಡಿಸಲು ತಜ್ಞರು ಸಲಹೆ ನೀಡಿದರು. ಮತ್ತೆ ಗುಂಗುರು ಮರಿಗಳು ಹುಟ್ಟಿದವು.

ಗೆದ್ದರು ಎಂದುಕೊಂಡಿರಾ? ಕಷ್ಟ ಶುರುವಾದದ್ದೇ ಆಮೇಲೆ. ಹತ್ತಿರದ ರಕ್ತದಲ್ಲೇ ಸಂತಾನ ಬೆಳೆಸಿದರೆ ಗುಂಗುರಿನ ಜೊತೆ ಅಡಗಿದ್ದ ದೋಷಗಳೂ ಹೊರಬರುತ್ತವೆ, ಮೈ ದುರ್ಬಲವಾಗುತ್ತದೆ. ಇದನ್ನು ತಪ್ಪಿಸಲು ಸಯಾಮೀಸ್, ಬರ್ಮೀಸ್‌ನಂಥ ಬೇರೆ ಜಾತಿಯ ಬೆಕ್ಕುಗಳ ರಕ್ತ ಸೇರಿಸಬೇಕಾಯಿತು. ಆಗ ಮೊದಲ ತಲೆಮಾರಿನಲ್ಲಿ ಎಲ್ಲವೂ ನೇರ ಕೂದಲು. ಗುಂಗುರಿಗಾಗಿ ಇನ್ನೂ ಒಂದು ತಲೆಮಾರು ಕಾಯಬೇಕು. ಅಷ್ಟರಲ್ಲಿ ಮನೆ ತುಂಬ ಬೆಕ್ಕುಗಳು! ಅವುಗಳ ಹೊಟ್ಟೆಗೆ ಹಾಕುವವರು ಯಾರು? ಎನ್ನಿಸ್‌ಮೋರ್ ಅವರಿಗೆ ಖರ್ಚು ತಡೆಯಲಾಗಲಿಲ್ಲ. 1950ರ ದಶಕದ ನಡುವಿನಲ್ಲಿ ಅನೇಕ ಬೆಕ್ಕುಗಳಿಗೆ ದಯಾಮರಣ ಕೊಡಿಸಿದರು. ಅವುಗಳಲ್ಲಿ ಸೆರೀನಾ ಇದ್ದಳು, ಕಾಲಿಬಂಕರನೂ ಇದ್ದ. ಇಂದು ಪ್ರದರ್ಶನಗಳಲ್ಲಿ ಮೆರೆಯುವ ಈ ತಳಿಯ ಮೂಲ ತಾಯಿ-ಮಗನ ಕೊನೆ ಹೀಗಾಯಿತು. ಉಳಿದ ಕೆಲವನ್ನು ಬೇರೆಯವರು ನೋಡಿಕೊಂಡರು. 1957ರಲ್ಲಿ ಎರಡು ಬೆಕ್ಕುಗಳು ಅಮೆರಿಕಕ್ಕೆ ಹೋದವು. ತಳಿ ಉಳಿದದ್ದು ಹಾಗೆ.

1960ರಲ್ಲಿ ಪಕ್ಕದ ಡೆವನ್ ಪ್ರಾಂತ್ಯದಲ್ಲೂ ಒಂದು ಗುಂಗುರು ಮರಿ ಸಿಕ್ಕಿತು. ಹೆಸರು ಕರ್ಲಿ. ಹೊಸ ರಕ್ತ ಸಿಕ್ಕಿತೆಂದು ಎಲ್ಲರಿಗೂ ಸಂತೋಷ. ಆದರೆ ಕಾರ್ನ್‌ವಾಲ್‌ನ ಹೆಣ್ಣುಗಳೊಂದಿಗೆ ಕೂಡಿಸಿದಾಗ ಹುಟ್ಟಿದ ಮರಿಗಳೆಲ್ಲ ನೇರ ಕೂದಲಿನವು! ನೋಡಲು ಒಂದೇ ಗುಂಗುರು, ಆದರೆ ಮೂಲದ ವಂಶವಾಹಿಗಳು ಬೇರೆ ಬೇರೆ. ಹಾಗಾಗಿ ‘ಡೆವನ್ ರೆಕ್ಸ್’ ಎಂಬುದು ಇನ್ನೊಂದು ತಳಿಯಾಯಿತು.

ಈ ಎರಡೂ ತಳಿಗಳಲ್ಲಿ ‘ಬಿ’ ರಕ್ತದ ಗುಂಪಿನ ಬೆಕ್ಕುಗಳು ಹೆಚ್ಚು. ತಾಯಿ ‘ಬಿ’ ಗುಂಪಿನದಾಗಿ, ಮರಿ ತಂದೆಯ ‘ಎ’ ಗುಂಪನ್ನು ಪಡೆದಿದ್ದರೆ, ತಾಯಿಯ ಮೊದಲ ಹಾಲೇ ಆ ಮರಿಗೆ ವಿಷವಾಗಬಲ್ಲದು. ಕೂಡಿಸುವ ಮೊದಲೇ ಎರಡರ ರಕ್ತ ಪರೀಕ್ಷೆ ಮಾಡಿಸಿದರೆ ಈ ಸಾವುಗಳನ್ನು ತಪ್ಪಿಸಬಹುದು.

ಈ ದೂರದ ಕಥೆ ನಮಗೇಕೆ ಎನ್ನುತ್ತೀರಾ? ನಮ್ಮ ಪೇಟೆಗಳಲ್ಲೂ ಈಗ ಪರ್ಷಿಯನ್ ಬೆಕ್ಕಿನ ಮರಿಗಳು ಮಾರಾಟಕ್ಕಿವೆ. ‘ಒಂದು ಜೋಡಿ ತಂದು ಮರಿ ಮಾಡಿಸಿದರೆ ಮನೆಯಲ್ಲೇ ಕುಳಿತು ನಾಲ್ಕು ಕಾಸು ನೋಡಬಹುದಲ್ಲ’ ಎಂದು ನಿಮಗೂ ಅನ್ನಿಸಿರಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಹಣ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಈ ಎರಡು ಬೆಕ್ಕುಗಳು ಒಂದೇ ತಾಯಿಯ ಮಕ್ಕಳೇ? ಪಶುವೈದ್ಯರು ನೋಡಿದ್ದಾರೆಯೇ? ಮಾರಾಟವಾಗದ ಮರಿಯನ್ನು ಅದು ಬದುಕಿರುವಷ್ಟು ಕಾಲ, ಹದಿನೈದು ವರ್ಷವಾದರೂ, ಸಾಕಬಲ್ಲೆನೇ?

ಚೆಂದದ ಮರಿಗೆ ಮನೆ ಸಿಗುವುದು ಸುಲಭ. ಚೆಂದವಿಲ್ಲದೆ ಹುಟ್ಟಿದ ಮರಿಗೂ ಹಸಿವಾಗುತ್ತದೆ. ಅದಕ್ಕೂ ನಿಮ್ಮ ಮನೆಯಲ್ಲಿ ಒಂದು ಬಟ್ಟಲು ಹಾಲು ಇದೆಯೆಂದಾದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ.