ಹಾಡು ಬೇಕು, ಹಾಡಿದವಳು ಬೇಡ

"ಕಲೆಯನ್ನು ಮಾತ್ರ ನೋಡಿ, ಕಲಾವಿದರ ಹುಟ್ಟು-ಬದುಕು ಕೆದಕಬೇಡಿ" ಎಂದು ಉಪದೇಶ ಮಾಡುವ ಮಹನೀಯರು ಎಲ್ಲ ದೇಶದಲ್ಲೂ ಇದ್ದಾರೆ. ಕೇಳೋದಕ್ಕೆ ಬಹಳ ಚೆಂದದ ಮಾತು. ಈ ಮಾತಿನ ಹೊಟ್ಟೆಯೊಳಗೆ ಏನಿದೆ ಅಂತ ತಿಳಿಯಬೇಕಾದರೆ ಚಿಲಿ ದೇಶದ ನಟಿ, ಗಾಯಕಿ ದಾನಿಯೆಲಾ ವೇಗಾಳ ಕಡೆ ಒಂದು ಸಲ ತಿರುಗಿ ನೋಡಬೇಕು.

2018ರ ಮಾರ್ಚ್ 4ರ ರಾತ್ರಿ. ಆಕೆ ನಾಯಕಿಯಾಗಿ ನಟಿಸಿದ 'ಉನಾ ಮುಹೇರ್ ಫಂತಾಸ್ತಿಕಾ' ಚಿತ್ರಕ್ಕೆ, ಅಂದರೆ 'ಅದ್ಭುತ ಹೆಣ್ಣು' ಎಂಬ ಚಿತ್ರಕ್ಕೆ, ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಬಂತು. ಚಿಲಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ತಾನು ಟ್ರಾನ್ಸ್ ಎಂದು ಬಹಿರಂಗವಾಗಿ ಹೇಳಿಕೊಂಡವರೊಬ್ಬರು ಆ ವೇದಿಕೆಯಲ್ಲಿ ಕಾರ್ಯಕ್ರಮ ನಿರೂಪಿಸಿದ್ದೂ ಅವತ್ತೇ ಮೊದಲು. ಆ ವ್ಯಕ್ತಿಯೂ ಇವಳೇ. ಹೊಳೆಯುವ ಉಡುಪಿನ ದೊಡ್ಡ ಮನುಷ್ಯರೆಲ್ಲ ಚಪ್ಪಾಳೆ ತಟ್ಟಿದರು. ಸಾಂತಿಯಾಗೊದಲ್ಲಿ ಅಧ್ಯಕ್ಷರ ಅರಮನೆಯೇ ಬಾಗಿಲು ತೆರೆದು ಬರಮಾಡಿಕೊಂಡಿತು.

ಆದರೆ ಆ ಹೆಣ್ಣಿನ ಗುರುತಿನ ಚೀಟಿಯಲ್ಲಿ ದಾನಿಯೆಲಾ ಎಂಬ ಹೆಸರೇ ಇರಲಿಲ್ಲ. ಹುಟ್ಟಿದಾಗ ಗಂಡೆಂದು ಬರೆಸಿದ ಹೆಸರೇ ಇತ್ತು. ತಾನು ಹುಟ್ಟಿದ ದೇಶ ತನ್ನ ಹೆಸರನ್ನು ತನಗೆ ಕೊಟ್ಟಿಲ್ಲ ಎಂದು ಪತ್ರಕರ್ತರ ಮುಂದೆ ಆಕೆಯೇ ಹೇಳಿದಳು. ಇಡೀ ದೇಶ ದಾನಿಯೆಲಾ, ದಾನಿಯೆಲಾ ಅಂತ ಕೂಗುತ್ತಿತ್ತು. ಆ ದೇಶದ ಸರ್ಕಾರಿ ಕಾಗದ ಮಾತ್ರ ಅಂಥವಳು ಯಾರೂ ಇಲ್ಲ ಅಂತಿತ್ತು.

ಕಾಗದದಲ್ಲಿ ಏನಿದೆ ಬಿಡಿ, ಅನ್ನುವವರು ಇರಬಹುದು. ಅಂಥವರು ಕಾಗದ ತೋರಿಸಿ ಬದುಕಬೇಕಾದ ಪಾಡು ಪಟ್ಟವರಲ್ಲ. ಮನೆಯಲ್ಲಿ ಮೊಟ್ಟಮೊದಲು ಅಕ್ಷರ ಕಲಿತ ನನ್ನಂಥವರಿಗೆ ಗೊತ್ತು, ಕಚೇರಿಯ ಕಿಟಕಿಯ ಆಚೆ ಕೂತವನು ಕಾಗದವನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡುವ ನೋಟ ಎಂಥದು ಅಂತ.

ದಾನಿಯೆಲಾ ಹುಟ್ಟಿದ್ದು 1989ರಲ್ಲಿ, ಸಾಂತಿಯಾಗೊದ ಸಾನ್ ಮಿಗೆಲ್‌ನಲ್ಲಿ. ಎಂಟು ವರ್ಷದ ಮಗುವಾಗಿದ್ದಾಗಲೇ ಕಂಠ ಚೆನ್ನಾಗಿದೆ ಅಂತ ಶಾಸ್ತ್ರೀಯ ಗಾಯನ ಕಲಿಸಿದರು. ಆಗ ಎಲ್ಲರಿಗೂ ಆ ಕಂಠ ಬೇಕಿತ್ತು. ಹದಿಹರೆಯದಲ್ಲಿ ತಾನು ಹೆಣ್ಣು ಎಂದು ಹೇಳಿ ಹೆಣ್ಣಾಗಿ ಬಾಳತೊಡಗಿದಳು. ಹೆತ್ತವರು ಕೈಬಿಡಲಿಲ್ಲ. ಆದರೆ ಊರು ಹೆತ್ತವರಲ್ಲವಲ್ಲ! ಅಪೆರಾ ಹಾಡಲು ತಯಾರಾದ ಕಂಠ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಾ ನಿಂತಿತು. ಕೂದಲು ಕತ್ತರಿಸುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿ ಇದೊಂದೇ ನಿನ್ನ ಜಾಗ ಅಂತ ತೋರಿಸುತ್ತಾರಲ್ಲ, ಅದು ಕೀಳು.

ಅಲ್ಲಿಂದ ಅವಳು ನಾಟಕಕ್ಕೆ ಬಂದಳು. 2011ರಲ್ಲಿ ಮಾರ್ತಿನ್ ದೆ ಲಾ ಪಾರ್ರಾ ನಿರ್ದೇಶಿಸಿದ 'ಲಾ ಮುಹೇರ್ ಮರಿಪೋಸಾ', ಅಂದರೆ 'ಚಿಟ್ಟೆ ಹೆಣ್ಣು'. ತನ್ನ ಬದುಕನ್ನೇ ಬಿಚ್ಚಿ ರಂಗದ ಮೇಲಿಟ್ಟಳು. ಕಲೆ ಬೇರೆ, ಬದುಕು ಬೇರೆ ಎಂದು ಬೋಧಿಸುವವರು ಇದಕ್ಕೇನಂತಾರೆ? ಬದುಕೋದಕ್ಕೆ ಜಾಗ ಕೊಡದವರಿಗೆ ಬದುಕನ್ನೇ ನಾಟಕ ಮಾಡಿ ತೋರಿಸಬೇಕಾಯಿತು. 

ಆಮೇಲೆ ಸಿನಿಮಾ. 2014ರ 'ಲಾ ವಿಸಿತಾ' ಚಿತ್ರದಲ್ಲಿ ಆಕೆ, ಅಪ್ಪ ಸತ್ತನೆಂದು ಮರಳಿ ಬರುವ ಟ್ರಾನ್ಸ್ ಮಗಳು. ಅವಳ ತಾಯಿ ಶ್ರೀಮಂತರ ಮನೆಯ ಕೆಲಸದವಳು. ಮೂರು ವರ್ಷದ ನಂತರದ 'ಅದ್ಭುತ ಹೆಣ್ಣು' ಚಿತ್ರದಲ್ಲೂ ಒಂದು ಸಾವು. ನಿರ್ದೇಶಕ ಸೆಬಾಸ್ತಿಯಾನ್ ಲೆಲಿಯೊ ಅವಳನ್ನು ಮೊದಲು ಕರೆಸಿದ್ದು ನಟಿಸಲಿಕ್ಕಲ್ಲ, ಸಲಹೆ ಕೇಳಲಿಕ್ಕೆ. ಕೊನೆಗೆ ಅವಳಲ್ಲದೆ ಈ ಪಾತ್ರವಿಲ್ಲ ಅಂತ ಅವನಿಗೇ ಗೊತ್ತಾಯಿತು.

ಚಿತ್ರದ ಕಥೆ ಇಷ್ಟೆ. ಹೋಟೆಲಿನಲ್ಲಿ ಊಟ ಬಡಿಸುತ್ತ, ರಾತ್ರಿ ಹಾಡುತ್ತ ಬದುಕುವ ಮರೀನಾ. ಅವಳ ಜೊತೆ ಬಾಳುವ, ವಯಸ್ಸಿನಲ್ಲಿ ಬಹಳ ದೊಡ್ಡವನಾದ ಒರ್ಲಾಂದೊ. ಒಂದು ರಾತ್ರಿ ಅವನು ಸಾಯುತ್ತಾನೆ. ಕಣ್ಣೀರು ಒರೆಸಿಕೊಳ್ಳುವ ಮೊದಲೇ ಪೊಲೀಸರು ಅವಳ ಗುರುತಿನ ಚೀಟಿ ಕೇಳುತ್ತಾರೆ. ಅನುಮಾನದ ಹೆಸರಲ್ಲಿ ಅವಳ ಬಟ್ಟೆ ಬಿಚ್ಚಿಸಿ ಮೈಯ ಫೋಟೋ ಹಿಡಿಯುತ್ತಾರೆ. ಸತ್ತವನ ಮನೆಯವರು ಕಾರು ಕಿತ್ತುಕೊಳ್ಳುತ್ತಾರೆ, ಮನೆ ಖಾಲಿ ಮಾಡಿಸುತ್ತಾರೆ, ಸಾಕಿದ ನಾಯಿಯನ್ನೂ ಒಯ್ಯುತ್ತಾರೆ, ಅಂತ್ಯಕ್ರಿಯೆಗೆ ಕಾಲಿಡಬೇಡ ಅನ್ನುತ್ತಾರೆ. ಹೋದರೆ ಎತ್ತಿ ಕಾರಿಗೆ ಹಾಕಿಕೊಂಡು ಮುಖಕ್ಕೆ ಟೇಪು ಸುತ್ತುತ್ತಾರೆ. ಹಾಡುವ ಬಾಯಿಗೇ ಟೇಪು, ನೋಡಿ! ಇವರೇನು ರೌಡಿಗಳಲ್ಲ. ಸಭ್ಯರು, ಸಂಸಾರಸ್ಥರು, ಚರ್ಚಿಗೆ ಹೋಗುವವರು.

ಎರಡು ಸಿನಿಮಾ, ಎರಡು ಸಾವು. ಎರಡರಲ್ಲೂ ಪ್ರಶ್ನೆ ಒಂದೇ: ಸತ್ತವರಿಗಾಗಿ ಅಳುವ ಹಕ್ಕು ಯಾರಿಗಿದೆ? ಹೆಣದ ಹತ್ತಿರ ನಿಲ್ಲಲಿಕ್ಕೂ ರುಜು-ಮೊಹರು ಬೇಕೆ?

ಚಿತ್ರದ ಕೊನೆಯಲ್ಲಿ ಮರೀನಾ ವೇದಿಕೆ ಹತ್ತಿ ಹಾಡುತ್ತಾಳೆ. ಹ್ಯಾಂಡೆಲ್ ಎಂಬ ಸಂಗೀತಗಾರನ 'ಸೆರ್ಸೆ' ಅಪೆರಾದ ಹಾಡು. ಇಲ್ಲಿ ಸ್ವಲ್ಪ ನಿಲ್ಲಬೇಕು. 1738ರಲ್ಲಿ ಲಂಡನ್ನಿನಲ್ಲಿ ಈ ಹಾಡನ್ನು ಮೊದಲು ಹಾಡಿದವನು ಕಫರೆಲ್ಲಿ. ಅವನು ಕಾಸ್ತ್ರಾತೊ. ಅಂದರೆ, ಕಂಠ ಒಡೆಯದಿರಲಿ ಅಂತ ಚಿಕ್ಕಂದಿನಲ್ಲೇ ಬೀಜ ತೆಗೆಸಿದ ಗಾಯಕ. ಯೂರೋಪಿನ ರಾಜರು, ಶ್ರೀಮಂತರು, ಧರ್ಮಗುರುಗಳು ತಮ್ಮ ಕಿವಿಯ ಸುಖಕ್ಕಾಗಿ ಹುಡುಗರ ಮೈಗೆ ಕತ್ತಿ ಹಾಕಿಸಿದರು. ಪೋಪನ ಗಾಯನ ಮಂಡಳಿಯಲ್ಲೇ ಅಂಥವರು ಶತಮಾನಗಳ ಕಾಲ ಹಾಡಿದರು. ಅದು ಅವರಿಗೆ ಕಲೆ, ದೈವಿಕ, ಗಂಧರ್ವ ಗಾನ. ಅದೇ ಹಾಡನ್ನು, ತನ್ನ ಮೈ ತನ್ನದು ಎಂದು ತಾನೇ ತೀರ್ಮಾನ ಮಾಡಿಕೊಂಡ ಹೆಣ್ಣೊಬ್ಬಳು ಹಾಡಿದರೆ ಪ್ರಕೃತಿ ವಿರೋಧವಂತೆ! ಯಜಮಾನರು ಬೇರೆಯವರ ಮೈ ಕೊಯ್ದರೆ ಸಂಸ್ಕೃತಿ, ನಮ್ಮ ಮೈಯ ಬಗ್ಗೆ ನಾವು ಮಾತಾಡಿದರೆ ವಿಕೃತಿ. ಈ ಲೆಕ್ಕ ಬರೆದವರು ಯಾರು ಸ್ವಾಮಿ?

ಇದು ಬರೀ ಚರ್ಚಿನವರ, ಬಲಪಂಥದವರ ರೋಗ ಅಂತ ನಾವು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಚಿಲಿ ಅಂದರೆ ನಮಗೆ ನೆರೂಡ, ಅಲೆಂದೆ, ಸೈನಿಕರು ಕೊಂದುಹಾಕಿದ ಹಾಡುಗಾರ ವಿಕ್ತೋರ್ ಹಾರಾ. ಸರಿಯೇ. ಆದರೆ ಅಲೆಂದೆಯ ಸರ್ಕಾರವೇ ಇದ್ದಾಗ, 1973ರ ಏಪ್ರಿಲ್ 22ರಂದು, ಬೀದಿಯಲ್ಲಿ ಬದುಕುತ್ತಿದ್ದ ಕೆಲವು ಸಲಿಂಗಿಗಳು, ಟ್ರಾನ್ಸ್ ಜನ ಸಾಂತಿಯಾಗೊದ ಪ್ಲಾಜಾ ದೆ ಆರ್ಮಾಸ್ ಚೌಕದಲ್ಲಿ ಪೊಲೀಸರ ಹಿಂಸೆ ನಿಲ್ಲಿಸಿ ಎಂದು ನಿಂತರು. ಬಡವರ ಪತ್ರಿಕೆ, ಅಲೆಂದೆ ಪರವಾದ ಪತ್ರಿಕೆ 'ಕ್ಲಾರೀನ್' ಅವರನ್ನು ಹೀನಾಯವಾಗಿ ಗೇಲಿ ಮಾಡಿತು. 1986ರಲ್ಲಿ, ಪಿನೊಚೆಯ ಸರ್ವಾಧಿಕಾರದ ಎದುರೇ, ಸಲಿಂಗಿ ಲೇಖಕ ಪೆದ್ರೊ ಲೆಮೆಬೆಲ್ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ, ಮುಖದ ಮೇಲೆ ಕುಡುಗೋಲು-ಸುತ್ತಿಗೆ ಬರೆದುಕೊಂಡು ಎಡಪಂಥೀಯರ ಸಭೆಯೊಳಗೇ ನಿಂತು ಕೇಳಿದ: ನಿಮ್ಮ ಕ್ರಾಂತಿಯಲ್ಲಿ ನನಗೆ ಜಾಗವಿದೆಯೇ ಎಂಬ ಅರ್ಥದ ಪ್ರಶ್ನೆಗಳನ್ನು. ದಾನಿಯೆಲಾ ಹತ್ತಿದ ವೇದಿಕೆಯ ಮೆಟ್ಟಿಲು ಇವರೇ. ಅವಳನ್ನು ಆಕಾಶದಿಂದ ಉದುರಿದ ತಾರೆ ಅಂತ ಬಣ್ಣಿಸುವವರು ಈ ಮೆಟ್ಟಿಲುಗಳನ್ನು ಒರೆಸಿಹಾಕುತ್ತಾರೆ.

ಇನ್ನು ಕಾನೂನಿನ ಕಥೆ. ಲಿಂಗ ಗುರುತಿನ ಮಸೂದೆ ಚಿಲಿಯ ಸೆನೆಟ್ಟಿಗೆ ಬಂದದ್ದು 2013ರಲ್ಲಿ. ಐದು ವರ್ಷ ಸಂಸತ್ತಿನಲ್ಲೇ ಕೊಳೆಯಿತು. 2017ರ ಜುಲೈನಲ್ಲಿ ಟ್ರಾನ್ಸ್ ಮಕ್ಕಳ ವಿರುದ್ಧ ಪ್ರಚಾರ ಮಾಡುವ ಕಿತ್ತಳೆ ಬಣ್ಣದ ಬಸ್ಸೊಂದು ಚಿಲಿಯ ಬೀದಿಗಳಲ್ಲಿ ಮೆರೆಯಿತು. ಮಾರ್ಚ್ 2018ರಲ್ಲಿ ಆಸ್ಕರ್ ಬಂತು, ಸೆಪ್ಟೆಂಬರಿನಲ್ಲಿ ಮಸೂದೆ ಪಾಸಾಯಿತು, 2019ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಹದಿನೆಂಟು ತುಂಬಿದವರು ನೋಂದಣಿ ಕಚೇರಿಗೇ ಹೋಗಿ ಹೆಸರು, ಲಿಂಗ ತಿದ್ದಿಸಬಹುದು. ಹದಿನಾಲ್ಕರಿಂದ ಹದಿನೆಂಟರವರು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅದಕ್ಕಿಂತ ಚಿಕ್ಕವರಿಗೆ ಆ ಕಾನೂನಿನಲ್ಲಿ ಜಾಗವಿಲ್ಲ.

ನೋಡಿ, ಕಲೆಯ ಶಕ್ತಿ! ಅಂತ ಕೆಲವರು ಕುಣಿದರು. ಪ್ರಶಸ್ತಿಯಿಂದ ಬಲ ಬಂತು, ನಿಜ. ಲೋಕದ ಮುಂದೆ ನಾಚಿಕೆಯಾದಾಗ ಸರ್ಕಾರಗಳು ಕದಲುತ್ತವೆ. ಆದರೆ ಐದು ವರ್ಷ ಆ ಮಸೂದೆ ಸಾಯದ ಹಾಗೆ ನೋಡಿಕೊಂಡವರು ಬೀದಿಗಿಳಿದ ಸಂಘಟನೆಗಳ ಜನ. ಅವರಿಗೆ ಯಾವ ಬೊಂಬೆಯನ್ನೂ ಯಾರೂ ಕೊಡಲಿಲ್ಲ. ನಾನು ಕೇಳುವುದು ಇಷ್ಟೆ: ಒಂದು ಹೆಸರು ಬರೆಸಿಕೊಳ್ಳಲು ಒಂದು ಚಿನ್ನದ ಬೊಂಬೆ ತರಬೇಕಾದರೆ, ಬೊಂಬೆ ತರಲಾರದವರು ಏನು ಮಾಡಬೇಕು? ಕಂಠವಿಲ್ಲದವಳು, ನಟನೆ ಬಾರದವಳು, ಪಾರ್ಲರಿನಲ್ಲೇ ಮುದುಕಿಯಾಗುವವಳು ಮನುಷ್ಯಳಲ್ಲವೇ? ಹಕ್ಕು ಪ್ರತಿಭೆಗೆ ಕೊಡುವ ಬಹುಮಾನವಲ್ಲ.

ದಾನಿಯೆಲಾ ಪ್ರಶಸ್ತಿಯ ಹೊಳಪಿನಲ್ಲಿ ಕೂತು ಬಿಡಲಿಲ್ಲ. 2019ರಲ್ಲಿ ತನ್ನ ಬದುಕಿನ ಪುಸ್ತಕ ಬರೆದಳು. 2020ರ 'ಲಾ ಹೌರಿಯಾ' ಸರಣಿಯಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ತನಿಖೆ ನಡೆಸುವ ಪೊಲೀಸ್ ಅಧಿಕಾರಿಯಾದಳು. ಒಂದು ಚಿತ್ರದಲ್ಲಿ ಪೊಲೀಸರು ಬಟ್ಟೆ ಬಿಚ್ಚಿಸಿದ ಹೆಣ್ಣು, ಮುಂದೆ ತಾನೇ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತಳು. ಟ್ರಾನ್ಸ್ ನಟಿಗೆ ಟ್ರಾನ್ಸ್ ಸಂಕಟದ ಪಾತ್ರ ಮಾತ್ರ ಎಂಬ ಮತ್ತೊಂದು ಬೇಲಿಯನ್ನೂ ಆಕೆ ಹೀಗೆ ದಾಟಿದಳು. ಅಳುವ ಪಾತ್ರ ಮಾತ್ರ ಕೊಟ್ಟು ಮರುಗುವುದೂ ಯಜಮಾನಿಕೆಯೇ.

ಆದ್ದರಿಂದ ಕಲೆಯನ್ನು ಮಾತ್ರ ನೋಡಿ ಎನ್ನುವ ಮಹನೀಯರೇ, ನಿಮ್ಮ ಮಾತಿನ ಅರ್ಥ ನಮಗೆ ತಿಳಿದಿದೆ. ಹಾಡು ನಮಗಿರಲಿ, ಹಾಡಿದವಳು ಹೊರಗಿರಲಿ ಅಂತ ತಾನೆ? ಆ ಕಾಲ ಮುಗಿಯಿತು. ಟಿಕೆಟ್ಟು ಕೊಂಡು ಮುಂದಿನ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಂಡರೆ ಸಾಲದು. ಹಾಡು ಬೇಕೆನ್ನುವವರು ಮೊದಲು ಹಾಡಿದವಳ ಹೆಸರನ್ನು ಅವಳು ಹೇಳಿದ ಹಾಗೆ ಬರೆದುಕೊಳ್ಳಲಿ.