ಡಾಕ್ಟರ್ ಸೀಟ ಸಿಗಲಿಲ್ಲೇನು?

ಹೋದ ವಾರ ನಮ್ಮ ಕನ್ನಡದವರದೇ ಒಂದು ಮದುವೆಗೆ ಹೋಗಿದ್ದೆ. ಜೊತೆಗೆ ಅಕ್ಕನ ಮಗಳು. ಗದಗಿನ ಹುಡುಗಿ. ಹೋದ ವರ್ಷದಿಂದ ಸ್ವಾರಗೇಟಿನ ನಮ್ಮ ಮನೆಯಲ್ಲೇ ಇದ್ದು ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಆಸ್ಪತ್ರೆ ಆಡಳಿತದ ಎಂಬಿಎ ಓದುತ್ತಿದ್ದಾಳೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹಿರಿಯರು "ಏನ್ ಓದ್ತೀ ಅವಾ?" ಅಂದರು. ಹೇಳಿದಳು. "ಹೌದಾ... ಡಾಕ್ಟರ್ ಸೀಟ ಸಿಗಲಿಲ್ಲೇನು?" ಅಂತ ಕನಿಕರಪಟ್ಟು ಬುಂದಿ ಲಾಡುವಿಗೆ ಕೈ ಹಾಕಿದರು.

ಆಕೆ ನೀಟ್ ಬರೆದೇ ಇಲ್ಲ ಸ್ವಾಮಿ! ನನ್ನ ಹಾಗೆ ಬಿಕಾಂ. ಬೇಕು ಅಂತಲೇ ಆರಿಸಿಕೊಂಡು ಬಂದವಳು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಈ ಒಂದು ವರ್ಷದಲ್ಲಿ ಆ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಇವತ್ತು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಮನೆಗೆ ಬಂದಿದ್ದೀರಾ? 2023ರಲ್ಲಿ ನನಗೆ ಹರ್ನಿಯಾ ಆಪರೇಶನ್ ಆಯಿತು. ಡಾಕ್ಟರು ದೇವರಂಥವರು, ಕೊಯ್ದಿದ್ದೇ ಗೊತ್ತಾಗಲಿಲ್ಲ. ಮುಂಜಾನೆ ಹತ್ತಕ್ಕೆ "ಮನೆಗೆ ಹೋಗ್ರಿ" ಅಂದರು. ಹಾಸಿಗೆ ಬಿಟ್ಟಿದ್ದು ಸಂಜೆ ಏಳಕ್ಕೆ! ಫೈಲು ವಾರ್ಡಿನಿಂದ ಬಿಲ್ಲಿಂಗಿಗೆ, ಅಲ್ಲಿಂದ ವಿಮೆಯವರಿಗೆ, ಅವರ ಒಂದು ಪ್ರಶ್ನೆ, ಉತ್ತರ ಕೊಡಬೇಕಾದವನು ಊಟಕ್ಕೆ. ಮೇಲೆ ಅರ್ಧ ದಿನದ ರೂಮಿನ ಬಾಡಿಗೆ ಬೇರೆ. ನನ್ನ ಹೆಂಡತಿ ಕುರ್ಚಿಯಲ್ಲಿ ಕೂತೂ ಕೂತೂ ಕಾಲು ಬಾತುಕೊಂಡವು. ಇದರಲ್ಲಿ ಡಾಕ್ಟರರ ತಪ್ಪೇನಿದೆ? ತಪ್ಪು ಆಡಳಿತದ್ದು. ಇಂಥವು ದೇಶದ ತುಂಬ ನಡೆದವೆಂದೇ 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ತಂದಿತು: ಆಸ್ಪತ್ರೆ ಕೇಳಿದ ಮೂರು ತಾಸಿನೊಳಗೆ ಕೊನೆಯ ಮಂಜೂರಾತಿ ಕೊಡಬೇಕು, ತಡವಾಗಿ ಬಿಲ್ಲು ಏರಿದರೆ ಅದು ವಿಮಾ ಕಂಪನಿಯ ತಲೆ ಮೇಲೆ. ನಿಯಮವೇನೋ ಬಂತು. ಫೈಲು ತನ್ನಷ್ಟಕ್ಕೆ ತಾನೇ ನಡೆಯುತ್ತದೆಯೇ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ಫೈಲು ಹೇಗೆ ಮಲಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಡಿಸ್ಚಾರ್ಜ್ ತಡವಾದರೆ ಕಾಲು ಬಾಯುತ್ತದೆ ಅಷ್ಟೆ. ಭರ್ತಿ ಮಾಡಿಕೊಳ್ಳುವುದೇ ತಡವಾದರೆ? 2025ರಲ್ಲಿ ಇದೇ ಪುಣೆಯಲ್ಲಿ ಗರ್ಭಿಣಿಯೊಬ್ಬಳ ಮನೆಯವರಿಗೆ ಹತ್ತು ಲಕ್ಷ ಠೇವಣಿ ಕೇಳಿದರೆಂಬ ಆರೋಪ ಬಂತು. ಆಕೆ ಬೇರೆ ಕಡೆ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಜನ ಬೀದಿಗಿಳಿದರು, ವಿಚಾರಣೆಗಳಾದವು. ಯಾರದೆಷ್ಟು ತಪ್ಪು ಅನ್ನುವುದಕ್ಕೆ ನಾನು ನ್ಯಾಯಾಧೀಶನಲ್ಲ. ಆದರೆ ಅಲ್ಲಿ ಮಾತು ನಡೆದದ್ದು ಆಪರೇಶನ್ ಥಿಯೇಟರಿನ ಬಗ್ಗೆ ಅಲ್ಲ, ಕೌಂಟರಿನ ಬಗ್ಗೆ ಅನ್ನುವುದನ್ನು ಗಮನಿಸಿ.

ಈ ಊರಿಗೆ ಈ ಪಾಠ ಹೊಸದೂ ಅಲ್ಲ. 1897ರ ಪ್ಲೇಗಿನಲ್ಲಿ ಸರ್ಕಾರ ಇಲ್ಲಿಗೆ ಡಬ್ಲ್ಯು. ಸಿ. ರ‍್ಯಾಂಡ್ ಎಂಬ ಐಸಿಎಸ್ ಅಧಿಕಾರಿಯನ್ನು ಕಳಿಸಿತು. ಆತ ಸೋಲ್ಜರುಗಳನ್ನು ಮನೆ ಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದ. ದೇವರ ಮನೆಯೂ ಬಿಡಲಿಲ್ಲ. ಜನ ರೋಗಕ್ಕಿಂತ ಪರೀಕ್ಷೆಗೆ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹೊಡೆದದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಹಡಪಸರದ ಹತ್ತಿರ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ದವಾಖಾನೆಗೆ ರೋಗಿಗಳನ್ನು ತಾವೇ ಒಯ್ಯುತ್ತಿದ್ದರು. ಮಾರ್ಚ್ 10ರಂದು ಅದೇ ಪ್ಲೇಗಿನಿಂದ ಹೋದರು. ಮಗ ಡಾಕ್ಟರು. ಆದರೆ ರೋಗಿ ಅವನವರೆಗೆ ಮುಟ್ಟುವ ಕೆಲಸ ಇದೆಯಲ್ಲ, ಅದು ತಾಯಿಯದು. ಆ ಕೆಲಸಕ್ಕೆ ಏನು ಹೆಸರು ಕೊಡುತ್ತೀರಿ?

"ಅಲ್ರೀ, ಈ ಎಂಬಿಎ ಮಾಡಿದವರೇ ದವಾಖಾನಿನ ಅಂಗಡಿ ಮಾಡ್ಯಾರ" ಅಂತ ನನ್ನ ಗೆಳೆಯರೊಬ್ಬರು ವಾದ ಮಾಡುತ್ತಾರೆ. ಪೂರ್ತಿ ಸುಳ್ಳು ಅನ್ನಲಾರೆ. ಹುಡುಗಿಯ ಪುಸ್ತಕ ತಿರುವಿ ಹಾಕಿದೆ. 'ಆವರೇಜ್ ರೆವೆನ್ಯೂ ಪರ್ ಆಕ್ಯುಪೈಡ್ ಬೆಡ್' ಅಂತೆ, ಅಂದರೆ ತುಂಬಿದ ಒಂದು ಹಾಸಿಗೆ ಸರಾಸರಿ ಎಷ್ಟು ದುಡಿಯಿತು ಅಂತ. ನಮ್ಮಲ್ಲೂ ಲಾಕರ್ ಕೇಳಲು ಬಂದವರ ಕೈಗೆ ವಿಮಾ ಪಾಲಿಸಿ ಹಿಡಿಸಿ ಟಾರ್ಗೆಟ್ ಮುಟ್ಟಿಸಿದ್ದೇವೆ, ಹಾಗಾಗಿ ನಾನು ಸಾಚಾ ಅಂತ ಹೇಳಿಕೊಳ್ಳುವುದಿಲ್ಲ. ಆದರೆ ಹಾಸಿಗೆಯ ದುಡಿಮೆಗೆ ಇಡೀ ಒಂದು ಪಾಠ, ಬಡವರ ಹಾಸಿಗೆಗೆ ಅರ್ಧ ಪುಟ!

ಮಹಾರಾಷ್ಟ್ರದಲ್ಲಿ ಧರ್ಮಾದಾಯ ಟ್ರಸ್ಟಿನ ದೊಡ್ಡ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನು ಹತ್ತು ದುರ್ಬಲ ವರ್ಗದವರಿಗೆ ಅರ್ಧ ದರದಲ್ಲಿ ಇಡಬೇಕು. ಬಿಲ್ಲಿನ ಆದಾಯದ ಶೇಕಡಾ 2 ಬಡರೋಗಿಗಳ ನಿಧಿಗೆ ತೆಗೆದಿಡಬೇಕು. 2006ರಲ್ಲಿ ಮುಂಬೈ ಹೈಕೋರ್ಟು ಮಂಜೂರು ಮಾಡಿದ ಯೋಜನೆ ಇದು. ಸ್ವಾರಗೇಟ್ ಸ್ಟ್ಯಾಂಡಿಗೆ ಬೆಳಗ್ಗೆ ನಮ್ಮ ಕಡೆಯ ಬಸ್ಸುಗಳು ಬಂದು ನಿಂತಾಗ ಇಳಿಯುವವರನ್ನು ನೋಡಿದ್ದೀರಿ. ದುಡಿಯಲು ಬಂದವರು, ಎಕ್ಸ್‌ರೇ ಕವರು ಬಗಲಲ್ಲಿ ಹಿಡಿದವರು. ಅಂಥವರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಇಂಟರ್ನ್‌ಶಿಪ್ಪಿನಲ್ಲಿದ್ದಾಗ ನಮ್ಮ ಹುಡುಗಿಗೆ ಯಾದಗಿರಿ ಕಡೆಯ ಗಾರೆ ಕೆಲಸದವನೊಬ್ಬ ಸಿಕ್ಕ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾನೆ, ಇಲ್ಲಿಯದೇ ಹಳದಿ ರೇಷನ್ ಕಾರ್ಡಿದೆ, ಮರಾಠಿ ಮಾತ್ರ ಅರ್ಧಮರ್ಧ. ಹೆಂಡತಿ ಒಳಗೆ, ಅವನು ಕೌಂಟರಿನ ಮುಂದೆ ತಾಳಿ ಮಾರುವ ಮಾತಾಡುತ್ತಿದ್ದ. ಇವಳು ಕನ್ನಡದಲ್ಲಿ ಕೇಳಿ, ಕಾರ್ಡು ತರಿಸಿ, ಸಮಾಜ ಸೇವಕಿಯ ಟೇಬಲ್ಲಿಗೆ ಕರೆದುಕೊಂಡು ಹೋಗಿ ಅರ್ಜಿ ತುಂಬಿಸಿದಳು. ಎರಡು ದಿನ ಓಡಾಟ. ಬಿಲ್ಲು ಮಾಫಿ ಆಯಿತು. ಮೇಲಿನವರು ಕರೆದು "ನಿನ್ನ ಪ್ರಾಜೆಕ್ಟು ಹೊರರೋಗಿಗಳ ಕ್ಯೂ ಬಗ್ಗೆ, ಇದಲ್ಲ" ಅಂದರಂತೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಮಾಮಾ, ಹಂಗಾರ ಅದು ಯಾರ ಕೆಲಸರೀ?"

ಏನು ಹೇಳಲಿ? ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ಕೇಡರ್ ದಶಕಗಳಿಂದ ಇದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಕೊಟ್ಟಿತು. ತಜ್ಞ ವೈದ್ಯರದ್ದು ಬೇರೆ, ಸಾರ್ವಜನಿಕ ಆರೋಗ್ಯದ್ದು ಬೇರೆ, ಆರೋಗ್ಯ ನಿರ್ವಹಣೆಯದ್ದು ಬೇರೆ ಕೇಡರ್ ಇರಲಿ ಅಂತ. ಚೆನ್ನಾಗಿ ಆಪರೇಶನ್ ಮಾಡುವ ಸರ್ಜನ್ನನ್ನು ತಂದು ಟೆಂಡರು, ಹಾಜರಿ ಪುಸ್ತಕ, ಲಿಫ್ಟ್ ರಿಪೇರಿ ನೋಡಿಕೋ ಅಂದರೆ ಕಳೆದುಕೊಂಡವರು ಯಾರು? ನಾವು ಸರ್ಜನ್ನನ್ನೂ ಕಳೆದುಕೊಂಡೆವು, ಲಿಫ್ಟೂ ನಡೆಯಲಿಲ್ಲ.

ಈಗ ಹುಡುಗಿಯ ಮುಂದೆ ಎರಡು ದಾರಿ. ಇಲ್ಲಿಯ ಒಂದು ಕಾರ್ಪೊರೇಟ್ ಆಸ್ಪತ್ರೆಯ ಮಾರ್ಕೆಟಿಂಗ್ ಕೆಲಸ. ಓಣಿ ಓಣಿಯ ಡಾಕ್ಟರರನ್ನು ಕಂಡು ರೋಗಿಗಳನ್ನು ನಮ್ಮಲ್ಲಿಗೆ ಕಳಿಸಿ ಅನ್ನುವುದು, ಪಗಾರ ಚಲೋ. ಇನ್ನೊಂದು, ಊರ ಕಡೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಗುತ್ತಿಗೆ ಹುದ್ದೆಗೆ ಅರ್ಜಿ ಹಾಕುವುದು. ಪಗಾರ ಹೆಚ್ಚುಕಡಿಮೆ ಅರ್ಧ, ಕಾಯಂ ಆಗುವ ಭರವಸೆ ಇಲ್ಲ. ತಲೆ ಮೇಲೆ ಶಿಕ್ಷಣ ಸಾಲವಿದೆ. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ ಅಂತ ಧೈರ್ಯ ಹೇಳಿ ಸಾಲ ಮಾಡಿಸಿದವನೇ ನಾನು! ಕಂತಿನ ಲೆಕ್ಕ ಹಾಕಿ ನೋಡಿದೆ, ಎರಡನೆಯದರಲ್ಲಿ ಬಿಗಿಯಾಗುತ್ತದೆ, ಆದರೆ ಆಗದೇ ಇರುವಂಥದ್ದಲ್ಲ.

ಆಕೆಗೆ ಎರಡನೆಯದರ ಕಡೆಗೇ ಮನಸ್ಸು. ಭಾವನವರು ಮಾತ್ರ "ಇಷ್ಟ ಓದಿ ಸರ್ಕಾರಿ ದವಾಖಾನ್ಯಾಗ ಗುತ್ತಿಗಿ ಕೆಲಸೇನು?" ಅಂತ ಹೋದ ಭಾನುವಾರ ಫೋನು ಕುಕ್ಕಿಬಿಟ್ಟಿದ್ದಾರೆ. ಇವತ್ತು ರಾತ್ರಿ ಊಟ ಆದಮೇಲೆ ನಾನೇ ಹಚ್ಚುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ಕಂತಿನ ಲೆಕ್ಕದ ಹಾಳೆ ಮುಂದೆಯೇ ಇದೆ.